ಜನವರಿ ಒಂದರ ಕುದುರೆ, ಜೂನ್ ಒಂದರ ಮಾವ

ಗೆಳೆಯರೇ, ಅಪರಾಧ ಒಪ್ಪಿಕೊಳ್ಳುತ್ತೇನೆ: ಇಂದು ಮುಧೋಳದಲ್ಲಿ, ಭಾವಮೈದುನನ ಮದುವೆ ಮೆರವಣಿಗೆಯಲ್ಲಿ, ಮಾವನವರಿಗೆ ಕುದುರೆ ರೇಸಿನ ಪಾಠ ಮಾಡಿದೆ.

“ರೇಸಿನ ಜಾತಿಕುದುರಿ ಯಾವಾಗರ ಹುಟ್ಟಲಿ, ವಯಸ್ಸಿನ ಲೆಕ್ಕಕ್ಕ ಎಲ್ಲಾ ಕುದುರಿಗೂ ಹುಟ್ಟಿದ ದಿನ ಜನವರಿ ಒಂದ್ರಿ.”

“ನಮ್ಮ ಸಾಲಿ ಮಾಸ್ತರು ಎಲ್ಲಾರಿಗೂ ಜೂನ್ ಒಂದ ಬರದಂಗ?” ಎಂದರು ಮಾವ.

“ಹಂಗ ರೀ. ಕುದುರಿ ಬಗ್ಗೆ ಏನ್ ಬೇಕಾದ್ರೂ ಕೇಳ್ರಿ.”

ಅಷ್ಟರಲ್ಲಿ ಮದುಮಗನನ್ನು ಹೊತ್ತ ಬಾಡಿಗೆ ಕುದುರೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಅಕ್ಷತೆಯ ಹೊತ್ತು ಹತ್ತಿರವಾಗುತ್ತಿತ್ತು.

“ಹಗ್ಗ ಅಳಿಯಂದಿರ ಕೈಯಾಗ ಕೊಡ್ರಲೇ!” ಮಾವ ಕೂಗಿದರು.

“ಇದು ರೇಸಿನ ಕುದುರಿ ಅಲ್ರಿ, ನನ್ನ ವಿಷಯಕ್ಕ ಬರೂದಿಲ್ಲ,” ಎಂದೆ.

ಕುದುರೆ ಹೊತ್ತಿಗೆ ಸರಿಯಾಗಿ ಮಂಟಪ ಮುಟ್ಟಿತು. ಹಗ್ಗ ಹಿಡಿದು ನಡೆಸಿದವರು ಅತ್ತೆ. ನಡುರಸ್ತೆಯಲ್ಲಿ ಅದು ಒಮ್ಮೆ ಕೆನೆದದ್ದೇ ತಡ, ನಾನು ಹಿಂದಿನ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದೆ.