ನಾಗತ್ತೆಯ ಸುತ್ತುವ ಲೆಕ್ಕ

ತೊಂಡೆಸೊಪ್ಪನ್ನು ಇದ್ದಿಲಿನ ಜೊತೆ ಅರೆದು ಸ್ಲೇಟಿಗೆ ಬಳಿಯುತ್ತಿದ್ದ ಕಾಲ ನಿಮಗೂ ನೆನಪಿದ್ದರೆ, ಆ ಹಸಿ ವಾಸನೆ ಮೂಗಿನಲ್ಲಿ ಉಳಿದೇ ಇರುತ್ತದೆ. ಮೊನ್ನೆ ತೊಂಡೆ ಬಳ್ಳಿ ಕತ್ತರಿಸುವಾಗ ಅದು ಬಂತು ನೋಡಿ, ಈಗ ಕುರುಹೂ ಇಲ್ಲದ ನಮ್ಮ ಮಾಲೂರಿನ ಮನೆ, ಅದರ ನಡುಮನೆ, ದೀಪ ಹಚ್ಚಿದ ಮೇಲೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ನಾಗತ್ತೆ, ಎಲ್ಲ ಒಟ್ಟಿಗೆ ಎದುರು ಬಂದು ನಿಂತಂತಾಯಿತು. ನಾಗತ್ತೆ ಅಪ್ಪನ ಕೊನೇ ತಂಗಿ. ಅವಳಿಗೆ ಲೆಕ್ಕದ ಹುಚ್ಚು. ಒಂದನ್ನು ಏಳರಿಂದ ಭಾಗಿಸುತ್ತ ಹೋಗಿ, ಮತ್ತೆ ಮತ್ತೆ ಮರಳಿ ಬರುವ ಸಂಖ್ಯೆಯೊಂದನ್ನು ಹಿಡಿದಿಟ್ಟುಕೊಂಡಿದ್ದಳು: ೧೪೨೮೫೭. ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ೪೨೮೫೭೧. ಹೀಗೆ ಆರರವರೆಗೂ ಅವೇ ಅಂಕಿಗಳು, ಕೈ ಕೈ ಹಿಡಿದ ಮಕ್ಕಳ ಹಾಗೆ ಕ್ರಮ ತಪ್ಪದೆ ಸುತ್ತುತ್ತಿದ್ದವು. ಅದಕ್ಕೂ ಒಂದು ಮಗ್ಗಿ ಕಟ್ಟಿ ರಾಗವಾಗಿ ಹೇಳುತ್ತಿದ್ದಳು. ಈ ಹಾಳು ಲೆಕ್ಕ ಕಟ್ಟಿಕೊಂಡವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅಜ್ಜಿ ದಿನವೂ ಗೊಣಗುತ್ತಿದ್ದಳು.

ಅಜ್ಜಿಯ ಸಂಕಟವೇನೂ ಸುಳ್ಳಲ್ಲ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸದೆ ಬಿಡದ ಕಾಲ ಅದು. ನಾಗತ್ತೆಗೋ ಹಾಡಿನ ಎರಡನೆಯ ಸಾಲು ತಲೆಯಲ್ಲಿ ನಿಲ್ಲದು. ಬಂದವರು ಉಪ್ಪಿಟ್ಟು ತಿಂದು ಹೋಗಿ ಸುಮ್ಮನಾಗಿಬಿಡುತ್ತಿದ್ದರು. ಆಮೇಲೆ ಮುಳಬಾಗಿಲಿನವರು ಬಂದರು. ಹುಡುಗ ಕಚೇರಿ ಗುಮಾಸ್ತ. ತಾಯಿಗೆ ತೆಲುಗೇ ಬಾಯಿಮಾತು, ಕನ್ನಡ ಅಷ್ಟಕ್ಕಷ್ಟೆ. ಹಾಡು ಎಂದಾಗ ನಾಗತ್ತೆ ತಲೆ ತಗ್ಗಿಸಿ ಕೂತಳು. ಅಜ್ಜಿಯ ಮುಖ ಬಿಳಿಚಿಕೊಂಡಿತು. ಕೊನೆಗೆ ನಾಗತ್ತೆಯ ಬಾಯಿಂದ ಹೊರಟಿದ್ದು ಆ ಮಗ್ಗಿಯೇ: ಒಂದು ನಾಕು ಎರಡು ಎಂಟು ಐದು ಏಳು. ಹುಡುಗನ ತಾಯಿ ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು. "ಬಾಗುಂದಮ್ಮಾ, ಚೆನ್ನಾಗಿದೆ. ಯಾವ ದೇವರ ಮೇಲಿಂದು?" ಎಂದರು. ನಮಗೆ ನಗು ತಡೆಯಲಿಲ್ಲ. ಹುಡುಗ ಮಾತ್ರ ನಗದೆ, ಏಳರಿಂದ ಗುಣಿಸಿದ್ದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ.

"ಅದನ್ನ ನೀವೇ ಮಾಡಿ ನೋಡಿ" ಎಂದಳು ನಾಗತ್ತೆ.

ನನ್ನ ಸ್ಲೇಟು ಅವನ ಕೈಗೆ ಹೋಯಿತು. ಇದೂ ಸುತ್ತುತ್ತದೆ ಎಂದುಕೊಂಡೇ ಶುರು ಮಾಡಿರಬೇಕು. ಮುಗಿಸಿ ಸ್ಲೇಟನ್ನೇ ನೋಡುತ್ತ ಕೂತ. ಎಲ್ಲವೂ ಒಂಬತ್ತು, ಒಂದರ ಪಕ್ಕ ಒಂದು. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಅಮ್ಮ, ಇದು ದೇವರ ಹಾಡಲ್ಲ, ಲೆಕ್ಕ. ಇವ್ರೇ ನಮ್ಮನೆಗೆ ಬರ್ಲಿ."

ಮದುವೆಯಲ್ಲಿ ಅಜ್ಜಿ ಕುಣಿಯುವುದೊಂದು ಬಾಕಿ. ಸಿಕ್ಕಸಿಕ್ಕವರಿಗೆಲ್ಲ ನಮ್ಮ ಹುಡುಗಿಯ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು. ನಾಗತ್ತೆ ಮುಳಬಾಗಿಲಿಗೆ ಹೊರಟ ದಿನ, ಸಂಜೆ ಅಭ್ಯಾಸಬಲದಿಂದ ನಾವು ನಡುಮನೆಯಲ್ಲಿ ಸಾಲಾಗಿ ಕೂತೆವು. ಶುರು ಮಾಡಿಕೊಡುವವರಿಲ್ಲ. ಗೋಡೆಗೆ ಒರಗಿದ್ದ ಅಜ್ಜಿ, "ಆ ಹಾಳು ಲೆಕ್ಕಾನೇ ಹೇಳ್ರೇ" ಎಂದಳು. ನಮಗೆ ಯಾರಿಗೂ ಅದು ಪೂರ್ತಿ ಬರುತ್ತಿರಲಿಲ್ಲ. ಕೊನೆಗೆ ಅವಳೇ ಹೇಳತೊಡಗಿದಳು, ಥೇಟ್ ನಾಗತ್ತೆಯ ರಾಗದಲ್ಲಿ. ಅಂಕಿಗಳೆಲ್ಲ ಹಿಂದುಮುಂದಾಗಿದ್ದವು. ನಾವು ಯಾರೂ ತಿದ್ದಲಿಲ್ಲ.