ನಡುಗಲ್ಲಿಗೆ ಕೊಟ್ಟ ಆಸರೆ

ಹಂಪಿಯ ಆನೆ ಲಾಯದ ಕಮಾನಿನ ಕೆಳಗೆ ನಿಂತು ನೀವಿಬ್ಬರೂ, “ಅಜ್ಜಿ, ಇದು ಯಾಕ ಬೀಳಂಗಿಲ್ಲ?” ಎಂದು ಕೇಳಿದಿರಿ. ನಾನು ನಿಮ್ಮ ಕೈ ಹಿಡಿದು ಬಿಸಿಲಿಗೆ ಎಳೆದುಕೊಂಡು ಬಂದೆ. ಬಾಯಲ್ಲಿ ಹೇಳಲು ಬಾರದ್ದನ್ನು ಬರೆಯುತ್ತಿದ್ದೇನೆ.

ಕಮಾನಿನ ಕಲ್ಲುಗಳು ಮೇಲೆ ಅಗಲ, ಕೆಳಗೆ ಸಣ್ಣ. ಅದಕ್ಕೇ ಅವು ಕೆಳಗೆ ಜಾರಲಾರವು. ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಎಲ್ಲಕ್ಕೂ ಕೊನೆಗೆ ಕೂರಿಸುವುದು ನೆತ್ತಿಯ ನಡುಗಲ್ಲು. ಅದು ಕೂರುವವರೆಗೆ ಕೆಳಗೆ ಮಣ್ಣು ತುಂಬಿ ಆಸರೆ ಕೊಟ್ಟಿರುತ್ತಾರೆ. ನಿಮ್ಮ ತಾತ ಗವಂಡಿ, ಕಲ್ಲು ಕಟ್ಟುವವರು. ಮಣ್ಣು ತೆಗೆಯುವಾಗ ಕಮಾನು ಕಟ್ಟಿದವನೇ ಅದರ ಕೆಳಗೆ ನಿಲ್ಲಬೇಕು ಎಂಬುದು ಅವರ ಮನೆತನದ ಕಟ್ಟುಪಾಡು.

ನಾನು ಮದುವೆಯಾಗಿ ಬಂದ ವರ್ಷ ಕಮಲಾಪುರದ ಬಾಳೆತೋಟಕ್ಕೆ ಹೋಗುವ ಕಾಲುವೆಗೆ ಅವರು ಕಲ್ಲಿನ ಸೇತುವೆ ಕಟ್ಟಿದರು. ಮಣ್ಣು ತೆಗೆಯುವ ದಿನ ಬಂತು; ಮರುದಿನ ಕಾಲುವೆಗೆ ನೀರು ಬಿಡುವುದಿತ್ತು. ಮಧ್ಯಾಹ್ನದ ಹೊತ್ತಿಗೆ ನಡುವೆ ಒಂದು ಗುಪ್ಪೆ ಮಣ್ಣು ಮಾತ್ರ ಉಳಿದಿತ್ತು. ಊಟ ಮಾಡಿ ಬಂದು ತಾತ ಅದನ್ನೂ ತೆಗೆಯುವವರಿದ್ದರು. ಕಮಾನು ಅವರ ತಲೆಯ ಮೇಲೆ ಬಿದ್ದರೆ ಎಂದು ನಾನು ರೊಟ್ಟಿ ಬಿಟ್ಟು ಎದ್ದೆ. ಎಲ್ಲರೂ ಬೇವಿನ ನೆರಳಲ್ಲಿ ಉಣ್ಣುತ್ತಿದ್ದಾಗ ಕೆಳಗಿಳಿದು, ಮಣ್ಣಿನ ಹಿಂದೆ ಒಂದು ಜಾಲಿ ಮರದ ತುಂಡನ್ನು ನಡುಗಲ್ಲಿಗೆ ಆನಿಸಿ ನಿಲ್ಲಿಸಿದೆ. ಅದರ ಬುಡಕ್ಕೆ ಚಪ್ಪಟೆ ಕಲ್ಲೊಂದನ್ನು ಬಡಿದು ಬಿಗಿ ಮಾಡಿದೆ.

ತಾತ ಉಳಿದ ಮಣ್ಣನ್ನೂ ತೆಗೆದ ಮೇಲೆ ಆ ತುಂಡು ಎಲ್ಲರ ಕಣ್ಣಿಗೆ ಬಿತ್ತು.

“ಲೇ, ಕಲ್ಲಿಗೆ ಊರುಗೋಲು ಕೊಟ್ಟೋರು ಯಾರ್ಲೇ?” ಎಂದರು ದಡದ ಮೇಲಿದ್ದ ನನ್ನ ಮಾವ, ತಾತನ ಅಪ್ಪ. ಕೂಲಿಯವರು ನಕ್ಕರು. ಮಾವ ನಗಲಿಲ್ಲ. “ಭಾರ ಎಲ್ಲಾ ಅದರ ಮ್ಯಾಲ ಬಿದ್ದದ. ಕಮಾನು ಇಳಿದು ಬಿಗಿ ಆಗಾಕ ಬಿಡವಲ್ದು. ಹಿಂಗ ಬಿಟ್ರ ಕಲ್ಲು ಸಡಿಲ ಆಗ್ತಾವ.”

ತಾತ ಸುತ್ತಿಗೆ ಎತ್ತಿದರು. ತುಂಡಿನ ನಡುವಿಗೇ ಹೊಡೆದರೆ ಅದು ಒಮ್ಮೆಲೇ ಹಾರಿ, ಮೇಲಿನದೆಲ್ಲ ಅವರ ತಲೆಗೆ ಬರುತ್ತದೆ ಎನಿಸಿ ನಾನು ದಡದ ಅಂಚಿಗೆ ಓಡಿದೆ. ಮಾವನ ಎದುರು ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ನಮ್ಮ ಮನೆಯಲ್ಲಿ ಸೊಸೆಯಂದಿರು ಆಡುತ್ತಿರಲಿಲ್ಲ.

“ಮಾವಾರ, ನಾನ ಇಟ್ಟೀನ್ರಿ,” ಎಂದೆ. “ಬುಡದಾಗ ಹಿಂದ ಒಂದು ಚಪ್ಪಟ ಕಲ್ಲು ಬಡಿದೀನಿ. ಮೊದಲ ಅದನ್ನ ತಗಸ್ರಿ.”

ಯಾರೂ ನಗಲಿಲ್ಲ. ತಾತ ಸುತ್ತಿಗೆ ಇಳಿಸಿ, ಬಗ್ಗಿ, ಆ ಕಲ್ಲನ್ನು ಮೆಲ್ಲಗೆ ತಟ್ಟುತ್ತಾ ಹೊರಗೆ ಸರಿಸಿದರು. ಜಾಲಿ ತುಂಡು ಸಡಿಲಾಗಿ ವಾಲಿತು. ಮೇಲೆ ಕಲ್ಲು ಕಿರ್ ಎಂದಿತು. ತಾತನ ತಲೆಯ ಮೇಲೆ ಗಾರೆಯ ಪುಡಿ ಉದುರಿತು. ಅವರು ಕದಲಲಿಲ್ಲ. ಆಮೇಲೆ ಅವರು ಅಂಗೈಯಿಂದ ನಡುಗಲ್ಲನ್ನು ಒತ್ತಿ ನೋಡಿ, “ಕುಂತದಪ್ಪಾ,” ಎಂದರು.

“ಸೊಸಿಗೂ ಬಾಯಿ ಅದ ಅಂತ ಇವತ್ತ ಗೊತ್ತಾತು,” ಎಂದರು ಮಾವ.

ಮರುದಿನ ನೀರು ಬಂದಾಗ ಮಾವ ಎಲ್ಲರಿಗಿಂತ ಮೊದಲು ನನ್ನನ್ನೇ ಸೇತುವೆ ದಾಟಲು ಹೇಳಿದರು. ಮೇಲೆ ಭಾರ ಬಿದ್ದಷ್ಟೂ ಕಮಾನು ಬಿಗಿಯಾಗುತ್ತದೆ ಎಂದು ತಾತ ರಾತ್ರಿಯೆಲ್ಲ ಹೇಳಿದ್ದರು. ಆದರೂ ನಡುಗಲ್ಲಿನ ಹತ್ತಿರ ಬಂದಾಗ ನಾನು ತುದಿಗಾಲಲ್ಲಿ ನಡೆದೆ.