ಅರ್ಧಕ್ಕೆ ನಿಂತ ಪಾಠ

ನಾನು ಹೊಳಲ್ಕೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ನಮ್ಮ ಕೇರಿಯಿಂದ ಆ ತರಗತಿಗೆ ಹೋಗುತ್ತಿದ್ದವಳು ನಾನೊಬ್ಬಳೇ. ಕನ್ನಡ ಮೇಷ್ಟ್ರು ಅಂದರೆ ನನಗೆ ಪ್ರಾಣ. ಅವರು ಓದಿದರೆ ಕತೆ ನಾಟಕದಂತೆ ಕಣ್ಣೆದುರು ನಡೆಯುತ್ತಿತ್ತು.

ಒಂದು ದಿನ ಹಳೆಯ ಕಾಲದ, ಹೆಸರಾದ ಕತೆಯೊಂದನ್ನು ಓದಲು ತೊಡಗಿದರು. ಅದರಲ್ಲಿ ಸಾಹುಕಾರನೊಬ್ಬ ತನ್ನ ಆಳನ್ನು ಜಾತಿಯ ಹೆಸರು ಹಿಡಿದು ಬೈಯುತ್ತಾನೆ. ಮೇಷ್ಟ್ರು ಎಂದಿನಂತೆ ಸಾಹುಕಾರನ ದನಿಯಲ್ಲೇ ಬೈದರು. ತರಗತಿ ಗೊಳ್ಳೆಂದಿತು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಅದು ನಮ್ಮ ಜಾತಿಯ ಹೆಸರು. ಮೇಷ್ಟ್ರೂ ನನ್ನನ್ನು ನೋಡಿದರು. "ಈ ಪಾಠ ಸಾಕು, ಪರೀಕ್ಷೆಗೆ ಬರಾದಿಲ್ಲ" ಎಂದು ಪುಸ್ತಕ ಮುಚ್ಚಿದರು.

ಮರುದಿನದಿಂದ ಹುಡುಗರಿಗೆ ಅದೇ ಆಟವಾಯಿತು. ನಾನು ನೀರು ಕುಡಿಯಲು ಎದ್ದರೆ ಸಾಕು, ಯಾರಾದರೂ ಸಾಹುಕಾರನ ದನಿ ತೆಗೆದು ಆ ಮಾತು ಅನ್ನುತ್ತಿದ್ದರು. ಕೇಳಿದರೆ, "ನಾವೆಲ್ಲಿ ಬೈದ್ವಿ? ಪಾಠದಾಗೇ ಐತಲ್ಲ" ಎನ್ನುವರು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯೂ ಒಮ್ಮೆ ನಕ್ಕಳು.

ಉಳಿದ ಪುಟಗಳನ್ನು ಮನೆಯಲ್ಲಿ ಒಬ್ಬಳೇ ಓದಿದೆ. ಕೊನೆಯಲ್ಲಿ ಆ ಆಳು ನೆಟ್ಟಗೆ ನಿಂತು, ಅಪ್ಪ ಇಟ್ಟ ತನ್ನ ಹೆಸರು ಹೇಳಿ, ಹಾಗೆ ಕರೆದರೆ ಮಾತ್ರ ಓಗೊಡುತ್ತೇನೆ ಎನ್ನುತ್ತಾನೆ. ಓದಿ ಅತ್ತುಬಿಟ್ಟೆ. ನಮ್ಮ ತರಗತಿ ಬೈಗುಳ ಕೇಳಿತ್ತು, ಅದಕ್ಕೆ ಸಿಕ್ಕ ಉತ್ತರ ಕೇಳಿರಲಿಲ್ಲ. ಅದನ್ನೂ ಓದಿ ಎಂದು ಕೇಳಲು ಸ್ಟಾಫ್ ರೂಮಿನ ಬಾಗಿಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಬೇಜಾರಾಗಬ್ಯಾಡಮ್ಮ, ಆ ಪಾಠ ಬಿಟ್ಟೀನಿ" ಅಂದರು. ಸುಮ್ಮನೆ ವಾಪಸು ಬಂದೆ. ಅವರ ಹಾಗೆ ಕನ್ನಡ ಎಂ.ಎ. ಮಾಡಿ ಪಾಠ ಹೇಳಬೇಕೆಂದಿದ್ದ ನನ್ನ ಆಸೆಯೂ ಹಾಗೇ ಸದ್ದಿಲ್ಲದೆ ಹೋಯಿತು.

ಹೋದ ವರ್ಷ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಗುರುತು ಹಿಡಿದ ತಕ್ಷಣ ತಾವಾಗಿಯೇ ಆ ದಿನದ ಮಾತೆತ್ತಿದರು.

"ನಿನಗೆ ನೋವಾಗಬಾರ್ದು ಅಂತ ನಿಲ್ಲಿಸಿದೆ ಕಣಮ್ಮ."

"ಕೊನೇತನಕ ಓದಬೇಕಿತ್ತು ಸಾರ್. ಬೈಗುಳಾನ ಹುಡುಗ್ರು ನಿಮ್ಮ ಬಾಯಾಗೆ ಕೇಳಿದ್ರು. ಆ ಆಳಿನ ಮಾತೂ ನಿಮ್ಮ ಬಾಯಾಗೇ ಕೇಳಬೇಕಿತ್ತು."

ಅವರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ಹೆದರಿದೆ. ನಿನ್ನ ನೋಡಿ ಅಲ್ಲ. ಆ ಬೈಗುಳದಾಗೆ ನನ್ನ ದನಿ ನಂಗೇ ಕೇಳಿಸ್ತಲ್ಲ, ಅದಕ್ಕೆ. ಆಮ್ಯಾಲೆ ಯಾವ ವರ್ಷಾನೂ ಆ ಪಾಠ ಮಾಡ್ಲಿಲ್ಲ."

ಅವರ ಬಸ್ಸು ಬಂತು. ಕೈ ಹಿಡಿದು ಹತ್ತಿಸಿದೆ. ಕಿಟಕಿಯಿಂದ, "ಒಂದಿನ ಮನೆಗೆ ಬಾರಮ್ಮ" ಅಂದರು. ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಇನ್ನೂ ಹೋಗಿಲ್ಲ.